ಬಡಾವಣೆಯ ವಕಾಲತ್ತು ವಹಿಸುವ ಕಲಾವಿದರಿಗೆ

ನ್ಯಾಯಾಲಯದಲ್ಲಿ ಒಬ್ಬರ ಪರವಾಗಿ ವಾದಿಸಬೇಕಾದರೆ ವಕೀಲರು ಮೊದಲು ವಕಾಲತ್ತುನಾಮೆ ಸಲ್ಲಿಸಬೇಕು. ಅದರ ಮೇಲೆ ಕಕ್ಷಿದಾರರ ಸಹಿ ಇರಬೇಕು. ಗೋಡೆಯ ಮೇಲೆ ಚಿತ್ರ ಬರೆದು, ರಸ್ತೆಯ ನಡುವೆ ಶಿಲ್ಪ ಇಟ್ಟು, ಕೆರೆ ಏರಿಯ ಮೇಲೆ ನಾಟಕ ಆಡಿ ತಾನಿರುವ ಬಡಾವಣೆಯ ಪರವಾಗಿ ಮಾತನಾಡುವ ಕಲಾವಿದರನ್ನು ಅಂಥ ಕಾಗದ ಎಲ್ಲಿ ಎಂದು ಯಾರೂ ಕೇಳುವುದಿಲ್ಲ. ಕೇಳದಿರುವುದರಿಂದಲೇ ಈ ಕೆಲಸದಲ್ಲಿ ಹೆಚ್ಚಿನ ತಪ್ಪುಗಳಾಗುತ್ತವೆ: ಬಡಾವಣೆಗೆ ಬೇಕಾದದ್ದು ಒಂದು, ಚಿತ್ರ ಹೇಳುವುದು ಇನ್ನೊಂದು, ಅದನ್ನು ನೋಡಬೇಕಾದ ಅಧಿಕಾರಿ ಕುಳಿತಿರುವುದು ಮತ್ತೊಂದು ಕಡೆ. ಕಕ್ಷಿದಾರರ ಸಹಿಯನ್ನು ಹೇಗೆ ಪಡೆಯಬೇಕು, ಅಹವಾಲನ್ನು ಯಾವ ಬಾಗಿಲಿಗೆ ಮುಟ್ಟಿಸಬೇಕು, ಬಣ್ಣ ಒಣಗಿದ ಮೇಲೆ ಏನು ಮಾಡಬೇಕು ಎಂಬ ಮೂರು ಪ್ರಶ್ನೆಗಳನ್ನು ಇಟ್ಟುಕೊಂಡು, ಬೆಂಗಳೂರಿನ ಹೊರವಲಯದಲ್ಲಿ ಕೆಲಸ ಮಾಡುವವರಿಗಾಗಿ ಇದನ್ನು ಬರೆದಿದ್ದೇನೆ.

ಹೊರವಲಯ ಎಂದಾಗ ಯಾವುದರ ಮಾತು ಎಂಬುದು ಮೊದಲು ಸ್ಪಷ್ಟವಾಗಬೇಕು. ಕೆಂಗೇರಿ ಉಪನಗರ, ಯಲಹಂಕ ಉಪನಗರಗಳಂತೆ ನಕ್ಷೆ ಹಾಕಿ ಕಟ್ಟಿದ ಜಾಗಗಳು ಕೆಲವೇ ಇವೆ. ಉಳಿದದ್ದೆಲ್ಲ ಹೊಲ, ತೋಟ, ಗೋಮಾಳಗಳ ಮೇಲೆ ನಕ್ಷೆಗೆ ಮಂಜೂರಾತಿ ಇಲ್ಲದೆ ಬೆಳೆದ ರೆವಿನ್ಯೂ ಬಡಾವಣೆಗಳು, ಅವುಗಳ ನಡುವೆ ಸಿಕ್ಕಿಕೊಂಡ ಗ್ರಾಮಠಾಣಾಗಳು ಎಂಬ ಹಳೆಯ ಊರಿನ ವಸತಿಗಳು, ಪೂರ್ಣ ಮಾನ್ಯತೆ ಇಲ್ಲದ ಬಿ ಖಾತಾದ ಮನೆಗಳು, ಎತ್ತರದ ಅಪಾರ್ಟ್‌ಮೆಂಟ್‌ಗಳು ಮತ್ತು ಅವುಗಳ ಬೆನ್ನಿಗೆ ನೀಲಿ ಟಾರ್ಪಾಲಿನ ಶೆಡ್ಡುಗಳು. 2007ರಲ್ಲಿ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಲಾಯಿತು. ಆ 110 ಹಳ್ಳಿಗಳಿಗೆ ಕಾವೇರಿ ನೀರು ಕೊಡುವ ಐದನೇ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಹೆಸರಿಗೆ ನಗರವಾಗಿದ್ದು ನೀರಿನ ಮಟ್ಟಿಗೆ ಹಳ್ಳಿಯಾಗಿಯೇ ಉಳಿದ ಈ ಹದಿನೇಳು ವರ್ಷಗಳಲ್ಲಿ ಜನ ಕೊಳವೆಬಾವಿ, ಟ್ಯಾಂಕರು, ಹೊಂಡ ಬಿದ್ದ ರಸ್ತೆ, ಇಲ್ಲದ ಒಳಚರಂಡಿ ಇವುಗಳ ನಡುವೆಯೇ ಬದುಕನ್ನು ಕಟ್ಟಿಕೊಂಡರು. ಕಲಾವಿದ ಇಲ್ಲಿಗೆ ಬಾಡಿಗೆ ಕಡಿಮೆ ಎಂದು ಬರುತ್ತಾನೆ. ಬಂದ ಮೇಲೆ ಇದೇ ಅವನ ಊರಾಗುತ್ತದೆ.

ಮೊದಲ ತಿಂಗಳು ಕುಂಚ ಮುಟ್ಟಬೇಡಿ

ಹಾಳಾದ ಜಾಗವನ್ನು ಕಂಡ ಕೂಡಲೇ ಚಿತ್ರ ಹೊಳೆಯುವುದು ಕಲಾವಿದರ ದೌರ್ಬಲ್ಯ. ಆ ಹೊಳಹನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಒಂದು ತಿಂಗಳು ನಡೆಯಿರಿ. ಬೆಳಿಗ್ಗೆ ಆರಕ್ಕೆ ನಡೆದರೆ ಪೌರಕಾರ್ಮಿಕರೂ ಹಾಲಿನ ಬೂತಿನವರೂ ಸಿಗುತ್ತಾರೆ, ಹನ್ನೊಂದಕ್ಕೆ ನಡೆದರೆ ಟ್ಯಾಂಕರಿನ ಚಾಲಕರು, ಸಂಜೆ ಐದಕ್ಕೆ ಶಾಲೆ ಬಿಟ್ಟ ಮಕ್ಕಳು, ರಾತ್ರಿ ಒಂಬತ್ತಕ್ಕೆ ಬೀದಿದೀಪವಿಲ್ಲದ ತಿರುವಿನಲ್ಲಿ ಮೊಬೈಲಿನ ಬೆಳಕು ಹಿಡಿದು ಬರುವ ಹೆಣ್ಣುಮಕ್ಕಳು. ಒಂದೇ ಹೊತ್ತಿನಲ್ಲಿ ನಡೆದವರಿಗೆ ಒಂದೇ ಬಡಾವಣೆ ಕಾಣುತ್ತದೆ.

ಗ್ರಾಮಠಾಣಾದ ಒಳಗೆ ಹೋಗುವುದನ್ನು ಮಾತ್ರ ತಪ್ಪಿಸಲೇಬೇಡಿ. ಕೆರೆಗೆ ನೀರು ಎಲ್ಲಿಂದ ಬರುತ್ತಿತ್ತು, ತೂಬು ಯಾವ ಕಡೆ ಇತ್ತು, ಕೆರೆಯ ನೀರು ಬಿಡುತ್ತಿದ್ದ ನೀರುಗಂಟಿಯ ಮನೆತನ ಯಾವುದು, ಊರಹಬ್ಬದ ಆರತಿ ಯಾವ ದಾರಿಯಲ್ಲಿ ಬರುತ್ತದೆ, ಈಗ ಆ ದಾರಿಯಲ್ಲಿ ಯಾರ ಕಾಂಪೌಂಡು ಎದ್ದಿದೆ ಎಂಬುದು ಅಲ್ಲಿನ ಜಗಲಿಯ ಮೇಲೆ ಕುಳಿತ ಅಜ್ಜಿಗೆ ಗೊತ್ತಿರುವಷ್ಟು ಯಾವ ಕಡತಕ್ಕೂ ಗೊತ್ತಿರುವುದಿಲ್ಲ. ಪೂರ್ವದ ಕಡೆಯ ಊರುಗಳಲ್ಲಿ ಅವರು ತೆಲುಗಿನಲ್ಲಿಯೋ, ಕನ್ನಡ ತೆಲುಗು ಬೆರೆತ ಮಾತಿನಲ್ಲಿಯೋ ಹೇಳಬಹುದು. ಶೆಡ್ಡುಗಳಲ್ಲಿ ಕಲಬುರಗಿ, ಯಾದಗಿರಿಯ ಕನ್ನಡ ಕೇಳುತ್ತದೆ. ಎರಡನ್ನೂ ಹೇಳಿದಂತೆಯೇ ಬರೆದುಕೊಳ್ಳಿ. ಪುಸ್ತಕದ ಕನ್ನಡಕ್ಕೆ ತಿದ್ದಿ ಬರೆದರೆ ಆ ಮಾತು ಯಾರದು ಎಂಬುದೇ ಅಳಿಸಿಹೋಗುತ್ತದೆ.

ಕೇಳಿದ್ದನ್ನು ಕಾಗದದ ಜೊತೆ ತಾಳೆ ನೋಡುವುದು ಇದರ ಇನ್ನೊಂದು ಅರ್ಧ. ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್ ನೀವು ನಿಂತ ಜಾಗದ ಸರ್ವೆ ನಂಬರನ್ನು ತೋರಿಸುತ್ತದೆ. ಭೂಮಾಪನ ಇಲಾಖೆಯ ಗ್ರಾಮ ನಕ್ಷೆಯಲ್ಲಿ ಕೆರೆ, ಹಳ್ಳ, ಬಂಡಿದಾರಿಗಳ ಗೆರೆಗಳಿರುತ್ತವೆ. ಅಜ್ಜಿ ತೋರಿಸಿದ ಕಾಲುವೆ ನಕ್ಷೆಯಲ್ಲಿಯೂ ಇದ್ದು ನೆಲದ ಮೇಲೆ ಮಾತ್ರ ಇಲ್ಲವಾದರೆ ನಿಮ್ಮ ಕೃತಿಯ ವಸ್ತು ಅಲ್ಲಿಯೇ ಇದೆ. ಅಂಥ ಕಾಲುವೆಯ ಗೆರೆಯನ್ನು ಈಗಿನ ರಸ್ತೆಯ ಮೇಲೆ ಸುಣ್ಣದಲ್ಲಿ ಎಳೆದರೂ ಅದು ಚಿತ್ರವೇ, ಸಾಕ್ಷ್ಯವೂ ಹೌದು. ಆದರೆ ನಕ್ಷೆಯಲ್ಲಿ ಇಲ್ಲದ ಒತ್ತುವರಿಯನ್ನು ಬಾಯಿಮಾತಿನ ಮೇಲೆ ನಂಬಿ ಗೋಡೆಗೆ ಬರೆಯುವುದು ಕಲಾವಿದನಿಗೂ ಬಡಾವಣೆಗೂ ಮಾನನಷ್ಟದ ನೋಟಿಸನ್ನು ಕರೆದು ತರುತ್ತದೆ.

ಸಹಿ ಯಾರದು

ಬಡಾವಣೆ ಎಂಬುದು ಒಬ್ಬ ಕಕ್ಷಿದಾರನಲ್ಲ. ಕೆರೆಯೊಂದನ್ನೇ ತೆಗೆದುಕೊಳ್ಳಿ. ಅಪಾರ್ಟ್‌ಮೆಂಟಿನವರಿಗೆ ಅದು ನಡಿಗೆಯ ದಾರಿ, ಮನೆಯ ಬೆಲೆ ಹೆಚ್ಚಿಸುವ ನೋಟ. ಹಸು ಸಾಕಿದವರಿಗೆ ಹುಲ್ಲು. ಮೀನಿನ ಹರಾಜು ಹಿಡಿದವರಿಗೆ ಹೊಟ್ಟೆಪಾಡು. ಏರಿಯ ಕೆಳಗಿನ ಶೆಡ್ಡಿನವರಿಗೆ ಬಟ್ಟೆ ಒಗೆಯುವ ಜಾಗ. ಊರಿನವರಿಗೆ ಗಂಗಮ್ಮನ ಪೂಜೆಯ ನೆಲೆ. ಕೆರೆ ಉಳಿಸಿ ಎಂದು ಎಲ್ಲರೂ ಹೇಳಿದರೂ ಒಬ್ಬೊಬ್ಬರ ಮನಸ್ಸಿನಲ್ಲಿರುವ ಕೆರೆ ಬೇರೆ. ಕಲಾವಿದ ಮೊದಲ ಗುಂಪಿನವರ ವಾಟ್ಸ್‌ಆ್ಯಪ್ ಗುಂಪಿಗೆ ಮಾತ್ರ ಸೇರಿಕೊಂಡರೆ ಅವನು ಬಿಡಿಸುವ ಕೆರೆಯಲ್ಲಿ ಕೊಕ್ಕರೆ, ಕಮಲ, ಓಡುವ ಮನುಷ್ಯರು ಇರುತ್ತಾರೆ. ಹುಲ್ಲಿನ ಹೊರೆ ಹೊತ್ತ ಹೆಂಗಸು ಇರುವುದಿಲ್ಲ. ಚಿತ್ರದಲ್ಲಿ ಇಲ್ಲದವರನ್ನು ಬೇಲಿ ಹಾಕುವಾಗ ಹೊರಗಿಡುವುದು ಸುಲಭ. ನಗರದ ಹಲವು ಕೆರೆಗಳಲ್ಲಿ ಜೀರ್ಣೋದ್ಧಾರದ ನಂತರ ಆಗಿರುವುದು ಇದೇ.

ಈ ವಿಷಯದಲ್ಲಿ ಸರ್ಜಾಪುರದ ಕಡೆಯ ಕೆಲಸವೊಂದು ನನಗೆ ಬಹಳ ಹಿಡಿಸಿದೆ. ಕಲಾವಿದ ಸುರೇಶ್ ಕುಮಾರ್ ಜಿ. ಅವರ ‘ಸರ್ಜಾಪುರ ಕರೀಸ್’ ಯೋಜನೆಗೆ ವಸ್ತು ಸೊಪ್ಪು. ಹೊಲದ ಬದು, ಕೆರೆಯಂಗಳ, ರಸ್ತೆ ಬದಿಯಲ್ಲಿ ಯಾರೂ ಬಿತ್ತದೆ ಬೆಳೆಯುವ ಎಲೆಗಳನ್ನು ಗುರುತಿಸಿ, ಕಿತ್ತು, ಬೇಯಿಸಿ, ಹಂಚಿ ತಿನ್ನುವ ತಿಳಿವಳಿಕೆಯೇ ಅಲ್ಲಿ ಕಲೆಯ ಸಾಮಗ್ರಿ. ಅಣ್ಣೆ ಸೊಪ್ಪು, ಹೊನಗೊನ್ನೆ, ಗಣಿಕೆ, ಗೋಣಿ ಸೊಪ್ಪು ಎಂದು ಬೆರಕೆ ಸೊಪ್ಪಿನ ಒಂದೊಂದು ಎಲೆಯ ಹೆಸರು ಹೇಳುವವರು ಬಹುತೇಕ ಹಿರಿಯ ಹೆಂಗಸರು. ಬೆಂಗಳೂರು, ಕೋಲಾರ ಸೀಮೆಯ ಮಸ್ಸೊಪ್ಪು, ಬಸ್ಸಾರುಗಳ ಹಿಂದೆ ಇರುವುದು ಅವರ ಕಣ್ಣು. ಈ ಸೊಪ್ಪು ಸಿಗದಾದಾಗ ಮಾಯವಾದದ್ದು ಬರಿಯ ಅಡುಗೆಯ ಪದಾರ್ಥವಲ್ಲ, ಎಲ್ಲರೂ ಕಾಲಿಡಬಹುದಾಗಿದ್ದ ನೆಲ ಎಂಬುದು ಯಾವ ಭಿತ್ತಿಚಿತ್ರಕ್ಕಿಂತ ಚೆನ್ನಾಗಿ ಆ ತಟ್ಟೆಯಲ್ಲಿ ಕಾಣುತ್ತದೆ. ಇದರಲ್ಲಿ ಹೊಸಬರು ಕಲಿಯಬೇಕಾದ ಪಾಠವಿಷ್ಟು: ಬಡಾವಣೆಯಲ್ಲಿ ಯಾರಿಗೆ ಏನು ಗೊತ್ತಿದೆ ಎಂಬುದನ್ನು ಹುಡುಕಿ, ಆ ಗೊತ್ತಿರುವಿಕೆಯೇ ಕೃತಿಯಾಗುವಂತೆ ಮಾಡಿ. ಆಗ ಸಹಿ ತಾನಾಗಿ ಬೀಳುತ್ತದೆ, ಏಕೆಂದರೆ ಅವರು ಚಿತ್ರದ ವಸ್ತುವಾಗಿ ಉಳಿಯದೆ ಅದರ ಕರ್ತೃಗಳಾಗುತ್ತಾರೆ.

ಪ್ಯಾರಿಸ್ಸಿನ ಹೊರವಲಯದಲ್ಲಿ ನಡೆದ ಇನ್ನೊಂದು ಉದಾಹರಣೆಯೂ ಈ ಸಹಿಯ ಪ್ರಶ್ನೆಗೆ ಸಂಬಂಧಿಸಿದೆ. ಜೆಆರ್ ಎಂಬ ಹೆಸರಿನಲ್ಲಿ ಕೆಲಸ ಮಾಡುವ ಫೋಟೋ ಕಲಾವಿದ 2004ರಲ್ಲಿ ಮೋಂಫೆರ್ಮೇಯ್ ಉಪನಗರದ ಲೆ ಬೊಸ್ಕೆ ವಸತಿ ಸಮುಚ್ಚಯದಲ್ಲಿ ಅಲ್ಲಿಯೇ ಬೆಳೆದ ಲಾಜ್ ಲಿ ಅವರ ಜೊತೆ ಸೇರಿ ಯುವಕರ ದೊಡ್ಡ ದೊಡ್ಡ ಚಿತ್ರಗಳನ್ನು ಗೋಡೆಗಂಟಿಸಿದರು. ಮರುವರ್ಷ ಅಕ್ಟೋಬರಿನಲ್ಲಿ ಪಕ್ಕದ ಕ್ಲಿಶಿ ಸೂ ಬ್ವಾದಲ್ಲಿ ಪೊಲೀಸರಿಂದ ತಪ್ಪಿಸಿಕೊಳ್ಳಲು ವಿದ್ಯುತ್ ಉಪಕೇಂದ್ರದೊಳಗೆ ಹೊಕ್ಕ ಇಬ್ಬರು ಹುಡುಗರು ಸತ್ತು, ಗಲಭೆ ಹಬ್ಬಿ, ಉಪನಗರದ ಯುವಕರೆಂದರೆ ಬೆಂಕಿ ಹಚ್ಚುವವರು ಎಂಬ ಚಿತ್ರ ಟೀವಿಯಲ್ಲಿ ನಿಂತುಬಿಟ್ಟಿತು. ಆಗ ಜೆಆರ್ 28 ಮಿಲಿಮೀಟರಿನ ಲೆನ್ಸ್ ಹಿಡಿದು ಮತ್ತೆ ಅಲ್ಲಿಗೆ ಹೋದರು. ಆ ಲೆನ್ಸಿನಲ್ಲಿ ಮುಖ ತುಂಬುವಂತೆ ತೆಗೆಯಬೇಕಾದರೆ ಒಂದು ಗೇಣಿನಷ್ಟು ಹತ್ತಿರ ಹೋಗಬೇಕು, ನಂಬಿಕೆ ಇಲ್ಲದಿದ್ದರೆ ಯಾರೂ ಅಷ್ಟು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಯುವಕರು ತಮ್ಮ ಬಗ್ಗೆ ಇದ್ದ ಆ ಅಭಿಪ್ರಾಯವನ್ನೇ ಅಣಕಿಸುವಂತೆ ಮುಖ ಸೊಟ್ಟ ಮಾಡಿ ನಿಂತರು. ಆ ಚಿತ್ರಗಳು ಅವರ ಹೆಸರು, ವಯಸ್ಸು, ಕಟ್ಟಡದ ಸಂಖ್ಯೆಯ ಸಮೇತ ಪ್ಯಾರಿಸ್ಸಿನ ಸಿರಿವಂತ ಬೀದಿಗಳ ಗೋಡೆಗಳ ಮೇಲೆ ಬಂದವು. ಉಪನಗರದ ಚಿತ್ರವನ್ನು ಉಪನಗರದಲ್ಲಿಯೇ ಅಂಟಿಸುವುದು ಒಂದು ಕೆಲಸ. ಅದನ್ನು ನಗರದ ನಡುಮನೆಗೆ ಒಯ್ಯುವುದು ಇನ್ನೊಂದು ಕೆಲಸ. ಎರಡಕ್ಕೂ ಒಪ್ಪಿಗೆ ಪ್ರತ್ಯೇಕವಾಗಿ ಬೇಕು. ನಮ್ಮಲ್ಲಿ ಕಟ್ಟಡ ಕಾರ್ಮಿಕರ ಮಕ್ಕಳ ಮುಖಗಳನ್ನು ಕೇಳದೆ ಬರೆದು ಪ್ರದರ್ಶನಕ್ಕಿಡುವ ರೂಢಿ ಇನ್ನೂ ಹೋಗಿಲ್ಲ. ಮುಖ ಬಳಸುವ ಮುನ್ನ, ಅದು ಎಲ್ಲಿ, ಎಷ್ಟು ದಿನ, ಯಾವ ಬರಹದ ಜೊತೆ ಕಾಣುತ್ತದೆ ಎಂಬುದನ್ನು ಅವರ ಭಾಷೆಯಲ್ಲಿ ಹೇಳಿ. ಮಕ್ಕಳಾದರೆ ತಂದೆತಾಯಿಗೆ ಹೇಳಿ. ಬೇಡವೆಂದವರನ್ನು ಮತ್ತೆ ಕೇಳಬೇಡಿ.

ಅಹವಾಲಿಗೆ ವಿಳಾಸ ಬೇಕು

ಮೈಸೂರಿನ ಕಾವಾ ಕಲಾಶಾಲೆಯಲ್ಲಿ ಕಲಿತ ಬಾದಲ್ ನಂಜುಂಡಸ್ವಾಮಿ ಅವರ ಎರಡು ಕೃತಿಗಳನ್ನು ಕನ್ನಡಿಗರಿಗೆ ಹೊಸದಾಗಿ ಪರಿಚಯಿಸಬೇಕಿಲ್ಲ. 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದಲ್ಲಿ ನೀರು ನಿಂತು ಹೊಂಡವಾಗಿದ್ದ ರಸ್ತೆಗುಂಡಿಗೆ ಅವರು ಫೈಬರಿನ ಮೊಸಳೆಯನ್ನು ಬಿಟ್ಟರು. 2019ರ ಸೆಪ್ಟೆಂಬರಿನ ಮೊದಲ ವಾರ, ಹೇರೋಹಳ್ಳಿಯ ತುಂಗಾನಗರದ ಮುಖ್ಯರಸ್ತೆಯಲ್ಲಿ ಗಗನಯಾತ್ರಿಯ ವೇಷದ ನಟರೊಬ್ಬರು ಚಂದ್ರನ ಮೇಲೆ ನಡೆಯುವಂತೆ ನಿಧಾನವಾಗಿ ಕಾಲಿಡುತ್ತಾ ಹೋಗುವ ದೃಶ್ಯವನ್ನು ಚಿತ್ರೀಕರಿಸಿದರು. ಪಕ್ಕದಲ್ಲಿ ಆಟೊ ಹಾದುಹೋದಾಗ ಅದು ಚಂದ್ರನಲ್ಲ, ರಸ್ತೆ ಎಂದು ನೋಡುಗರಿಗೆ ತಿಳಿಯುತ್ತದೆ. ಎರಡೂ ಕಡೆ ಪಾಲಿಕೆ ಬೇಗನೆ ಗುಂಡಿ ಮುಚ್ಚಲು ಬಂತು.

ಈ ಗೆಲುವಿಗೆ ಹಾಸ್ಯ ಕಾರಣ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಹಾಸ್ಯ ಇದೆ, ಆದರೆ ಅದರ ಕೆಳಗೆ ಇನ್ನೂ ಮೂರು ಸಂಗತಿಗಳಿವೆ. ಗುಂಡಿ ಇರುವ ರಸ್ತೆಯ ಹೆಸರು ಎಲ್ಲರಿಗೂ ತಿಳಿಯುವಂತಿತ್ತು. ಆದ್ದರಿಂದ ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎನ್ನಲು ಯಾವ ಎಂಜಿನಿಯರಿಗೂ ಸಾಧ್ಯವಿರಲಿಲ್ಲ. ಕೇಳಿದ್ದು ಒಂದು ದಿನದಲ್ಲಿ ಆಗಬಹುದಾದ ಕೆಲಸವಾಗಿತ್ತು. ಮತ್ತು ಸಮಯ: ಚಂದ್ರಯಾನ 2ರ ಲ್ಯಾಂಡರ್ ಇಳಿಯಬೇಕಿದ್ದ ವಾರವದು, ಇಡೀ ದೇಶ ಚಂದ್ರನ ಮಾತನ್ನೇ ಆಡುತ್ತಿತ್ತು. ಈ ಮೂರೂ ಇಲ್ಲದ ಕಡೆ ಮೊಸಳೆಯನ್ನು ನಕಲು ಮಾಡಿದರೆ ಪತ್ರಿಕೆಯಲ್ಲಿ ಫೋಟೋ ಬರುತ್ತದೆ, ಗುಂಡಿ ಹಾಗೆಯೇ ಉಳಿಯುತ್ತದೆ.

ಬೆಳ್ಳಂದೂರು ಕೆರೆಯ ನೊರೆ ಇನ್ನೊಂದು ಬಗೆಯ ಸಮಸ್ಯೆ. 2017ರ ಫೆಬ್ರವರಿಯಲ್ಲಿ ಆ ಕೆರೆಗೆ ಬೆಂಕಿ ಹತ್ತಿದಾಗ ಅದಕ್ಕಿಂತ ದೊಡ್ಡ ದೃಶ್ಯವನ್ನು ಯಾವ ಕಲಾವಿದನೂ ಕಟ್ಟಲಾರದಾಗಿತ್ತು. ಆದರೂ ಅದಕ್ಕೆ ಒಂದು ದಿನದ ಪರಿಹಾರವಿಲ್ಲ: ನಗರದ ದೊಡ್ಡ ಭಾಗದ ಕೊಳಚೆ ಅಲ್ಲಿಗೆ ಹರಿಯುತ್ತದೆ, ಅಲ್ಲಿಂದ ವರ್ತೂರಿಗೆ, ಮುಂದೆ ದಕ್ಷಿಣ ಪಿನಾಕಿನಿಗೆ. ಜಲಮಂಡಳಿ, ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ), ಮಾಲಿನ್ಯ ನಿಯಂತ್ರಣ ಮಂಡಳಿ, ಪಾಲಿಕೆ, ಹಸಿರು ನ್ಯಾಯಮಂಡಳಿ ಎಲ್ಲರಿಗೂ ಅದರಲ್ಲಿ ಪಾತ್ರವಿದೆ. ಇಂಥ ಕಡೆ ಒಂದು ಕೃತಿ ಒಂದೇ ಕಚೇರಿಗೆ ಒಂದೇ ಪ್ರಶ್ನೆ ಕೇಳಲಿ. ಶುದ್ಧೀಕರಣ ಘಟಕದ ಕೆಲಸ ಎಲ್ಲಿಗೆ ಬಂತು ಎಂಬುದು ಪ್ರಶ್ನೆಯಾದರೆ ಚಿತ್ರದಲ್ಲಿ ಆ ಘಟಕ ಇರಲಿ, ಅಳುವ ಮೀನು ಬೇಡ. ಅಳುವ ಮೀನಿನ ಚಿತ್ರಗಳು ಈಗ ಎಷ್ಟಾಗಿವೆ ಎಂದರೆ, ಕೆರೆಗೆ ಕೊಳಚೆ ಬಿಡುವವರ ಗೋಡೆಯ ಮೇಲೂ ಅವು ಸೊಗಸಾಗಿಯೇ ಕಾಣುತ್ತವೆ.

ಯಾವ ಕಚೇರಿ ಎಂಬುದನ್ನು ತಿಳಿಯುವುದಕ್ಕೇ ಹೊರವಲಯದಲ್ಲಿ ಅರ್ಧ ಶ್ರಮ ಹೋಗುತ್ತದೆ. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯದೆ, ಕಾರ್ಪೊರೇಟರ ಮನೆ ಬಾಗಿಲು ತಟ್ಟುವ ದಾರಿಯೇ ಮುಚ್ಚಿತ್ತು. 2025ರ ಸೆಪ್ಟೆಂಬರಿನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರ ಪಾಲಿಕೆಗಳಾದವು. ವಾರ್ಡಿನ ಗಡಿಗಳೂ ಬದಲಾದವು. ಆದ್ದರಿಂದ ಹಳೆಯ ಫಲಕದ ವಾರ್ಡ್ ಸಂಖ್ಯೆಯನ್ನು ನಂಬಿ ಚಿತ್ರದಲ್ಲಿ ಬರೆಯಬೇಡಿ. ರಸ್ತೆ, ಚರಂಡಿ, ಬೀದಿದೀಪ ಪಾಲಿಕೆಯದು. ಕುಡಿಯುವ ನೀರು, ಒಳಚರಂಡಿ ಜಲಮಂಡಳಿಯದು. ಕಂಬ, ತಂತಿ, ಟ್ರಾನ್ಸ್‌ಫಾರ್ಮರು ಬೆಸ್ಕಾಂನದು. ಇನ್ನೂ ಪಂಚಾಯಿತಿಯಲ್ಲಿಯೇ ಇರುವ ಬಡಾವಣೆಯಾದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ಕಚೇರಿಯಿಂದ ಆರಂಭ.

ಕೃತಿಗೆ ಮುಂಚೆ ದೂರು ದಾಖಲಾಗಿರಬೇಕು. ಪಾಲಿಕೆಯ 1533 ಸಹಾಯವಾಣಿಗೆ ಕರೆ ಮಾಡಿದರೆ ದೂರಿನ ಸಂಖ್ಯೆ ಸಿಗುತ್ತದೆ. ಜೊತೆಗೆ ಕನ್ನಡದಲ್ಲಿ ಒಂದು ಪುಟದ ಮನವಿ ಬರೆದು, ವಿಷಯ, ಉಲ್ಲೇಖ ಎಂಬ ಸಾಲುಗಳನ್ನು ಬಿಡದೆ ಹಾಕಿ, ಬಡಾವಣೆಯವರ ಸಹಿ ಪಡೆದು, ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ, ಇನ್‌ವರ್ಡ್ ನಂಬರು ಹಾಕಿಸಿಕೊಳ್ಳಿ. ನಾನು ಮೊದಲು ಈ ಸಹಿಗಳನ್ನು ಒಂದು ವಿಧಿ ಎಂದುಕೊಂಡಿದ್ದೆ. ಮನೆಮನೆಗೆ ಹೋಗಿ ಸಹಿ ಕೇಳುವಾಗ ಒಬ್ಬೊಬ್ಬರು ಒಂದೊಂದು ತಿದ್ದುಪಡಿ ಹೇಳಿ, ಕೊನೆಗೆ ಮನವಿಯ ಜೊತೆ ಚಿತ್ರದ ಕರಡೂ ಬದಲಾದಾಗ, ವಕಾಲತ್ತುನಾಮೆ ಎಂದರೆ ಇದೇ ಎಂದು ಅರ್ಥವಾಯಿತು.

ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗೆ ಇರಬೇಕು. ಶುಲ್ಕ ಹತ್ತು ರೂಪಾಯಿ. ಉತ್ತರಕ್ಕೆ 30 ದಿನ. ಏಕೆ ಮಾಡಿಲ್ಲ ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂದು ತಿರಸ್ಕರಿಸಬಹುದು. ಈ ರಸ್ತೆಯ ಕಾಮಗಾರಿ ಆದೇಶದ ಪ್ರತಿ, ಗುತ್ತಿಗೆಯ ಮೊತ್ತ, ನಿರ್ವಹಣೆಯ ಹೊಣೆ ಮುಗಿಯುವ ದಿನಾಂಕ ಕೊಡಿ ಎಂದು ಕೇಳಿದರೆ ದಾಖಲೆಯೇ ಬರುತ್ತದೆ. ಅದು ಬಂದ ಮೇಲೆ ಗೋಡೆಯ ಮೇಲೆ ರೂಪಕ ಬರೆಯುವ ಅಗತ್ಯ ಎಷ್ಟೋ ಸಲ ಉಳಿಯುವುದಿಲ್ಲ. ಮೊತ್ತ, ದಿನಾಂಕ, ಕೆಳಗೆ ಈಗಿನ ರಸ್ತೆ ಇದ್ದಂತೆ ಒಂದು ಚಿತ್ರ, ಅಷ್ಟು ಸಾಕು.

ಅನುಮತಿ

ಕರ್ನಾಟಕದಲ್ಲಿ 1981ರ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆ ಜಾರಿಯಲ್ಲಿದೆ. ಸಾರ್ವಜನಿಕರಿಗೆ ಕಾಣುವ ಗೋಡೆಯ ಮೇಲೆ ಸ್ಥಳೀಯ ಸಂಸ್ಥೆಯ ಲಿಖಿತ ಅನುಮತಿಯಿಲ್ಲದೆ ಬರೆದರೆ ಶಿಕ್ಷೆಗೆ ಅವಕಾಶವಿದೆ. ಮಾಲೀಕರು ಬಾಯಲ್ಲಿ ಹೂಂ ಎಂದದ್ದು ರಕ್ಷಣೆಯಾಗುವುದಿಲ್ಲ. ಮಾಲೀಕರ ಒಪ್ಪಿಗೆಯನ್ನು ಕಾಗದದ ಮೇಲೆ ಪಡೆದು, ಕರಡು ಚಿತ್ರದ ಪ್ರತಿಯೊಂದಿಗೆ ಪಾಲಿಕೆಗೆ ಅರ್ಜಿ ಕೊಡಿ. ಬೀದಿ ನಾಟಕ, ಮೆರವಣಿಗೆಗಳಿಗೆ ಬೇರೆ ಲೆಕ್ಕ. ಬೆಂಗಳೂರು ನಗರದಲ್ಲಿ ಪ್ರತಿಭಟನೆಗಳು ಫ್ರೀಡಂ ಪಾರ್ಕಿನಲ್ಲಿಯೇ ನಡೆಯಬೇಕೆಂಬ ಆದೇಶ 2021ರಲ್ಲಿ ಬಂದಿರುವುದರಿಂದ, ಬಡಾವಣೆಯ ನಾಲ್ಕು ರಸ್ತೆ ಕೂಡುವಲ್ಲಿ ಘೋಷಣೆ ಕೂಗುವ ನಾಟಕವನ್ನು ಪೊಲೀಸರು ಪ್ರತಿಭಟನೆ ಎಂದೇ ಓದಬಹುದು. 1975ರಲ್ಲಿ ಹುಟ್ಟಿದ ಸಮುದಾಯ ತಂಡ ಬೀದಿ ನಾಟಕವನ್ನು ಊರೂರಿಗೆ ಒಯ್ದ ನಾಡಿನಲ್ಲಿ ಈ ಮಾತು ಬರೆಯಬೇಕಾಗಿ ಬಂದದ್ದು ಸಂತೋಷದ ಸಂಗತಿಯಲ್ಲ. ಆದರೂ ಠಾಣೆಗೆ ಮೊದಲೇ ಪತ್ರ ಕೊಟ್ಟು, ಊರಹಬ್ಬದ ಅಥವಾ ಕೆರೆ ಹಬ್ಬದ ಅಂಗವಾಗಿ ನಾಟಕವನ್ನು ಇಟ್ಟುಕೊಂಡರೆ ನಡೆಯುತ್ತದೆ. ಹಬ್ಬಕ್ಕೆ ಜನ ತಾವಾಗಿ ಸೇರುತ್ತಾರೆ ಎಂಬ ಲಾಭವೂ ಇದೆ.

ಸರ್ಕಾರಿ ಸಂಸ್ಥೆಯ ಜೊತೆಗೇ ಒಪ್ಪಂದ ಮಾಡಿಕೊಂಡು ಕೆಲಸ ಮಾಡುವ ದಾರಿ ನಿಧಾನದ್ದು, ಆದರೆ ಬಾಳಿಕೆಯದು. ಯಲಹಂಕದ ಸೃಷ್ಟಿ ಕಲಾ ಸಂಸ್ಥೆಯವರು ಮೆಟ್ರೊ ನಿಗಮದೊಂದಿಗೆ ಸೇರಿ ಪೀಣ್ಯ ನಿಲ್ದಾಣದಲ್ಲಿ ‘ಆರ್ಟ್ ಇನ್ ಟ್ರಾನ್ಸಿಟ್’ ಕೈಗೊಂಡದ್ದು ಇದಕ್ಕೆ ನಿದರ್ಶನ. ಕೈಗಾರಿಕಾ ಪ್ರದೇಶದ ನಡುವಿನ ನಿಲ್ದಾಣದ ಗೋಡೆಗಳಿಗೆ ಅಲ್ಲಿನ ಓಡಾಟ, ದುಡಿಮೆ, ನೆನಪುಗಳೇ ವಸ್ತುವಾದವು. ಒಪ್ಪಂದದಲ್ಲಿ ಚಿತ್ರವನ್ನು ಅಳಿಸುವ ಮುನ್ನ ತಿಳಿಸಬೇಕು ಎಂಬ ಸಾಲೊಂದನ್ನು ಸೇರಿಸಿ. ದೆಹಲಿಯ ವಿಜ್ಞಾನ ಭವನದಲ್ಲಿದ್ದ ತಮ್ಮ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತುಹಾಕಿದ್ದಕ್ಕೆ ಶಿಲ್ಪಿ ಅಮರನಾಥ್ ಸೆಹಗಲ್ ನ್ಯಾಯಾಲಯಕ್ಕೆ ಹೋದರು. 2005ರಲ್ಲಿ ದೆಹಲಿ ಹೈಕೋರ್ಟ್ ಕಲಾವಿದನ ನೈತಿಕ ಹಕ್ಕನ್ನು ಎತ್ತಿಹಿಡಿದು ಐದು ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಆ ತೀರ್ಪಿಗಾಗಿ ಅವರು ಕಾದ ವರ್ಷಗಳನ್ನು ಲೆಕ್ಕ ಹಾಕಿದರೆ ಒಂದು ಸಾಲು ಮೊದಲೇ ಬರೆಸಿಕೊಳ್ಳುವುದು ಮೇಲು ಎನಿಸುತ್ತದೆ.

ಗೋಡೆ, ಬಣ್ಣ, ಅಕ್ಷರ

ಇಲ್ಲಿ ಹೇಳುವುದು ಕಡಿಮೆ. ಬೆಂಗಳೂರಿನಲ್ಲಿ ಆಗಸ್ಟಿನಿಂದ ಅಕ್ಟೋಬರ್‌ವರೆಗೆ ಮಳೆ ಜೋರು. ಡಿಸೆಂಬರಿನಿಂದ ಮಾರ್ಚಿನೊಳಗೆ ಕೆಲಸ ಮುಗಿಸಿ. ಚರಂಡಿಗೆ ಒತ್ತಿಕೊಂಡ ಕಾಂಪೌಂಡು ಬುಡದಿಂದ ತೇವ ಎಳೆಯುತ್ತದೆ. ಅಲ್ಲಿ ಕೆಳಗಿನ ಎರಡಡಿಯನ್ನು ಬಿಟ್ಟು ಬರೆಯುವುದು ಒಳ್ಳೆಯದು. ಹಳೆಯ ಬಣ್ಣವನ್ನು ಕೆರೆದು, ತೊಳೆದು, ಒಣಗಿಸಿ, ಪ್ರೈಮರ್ ಹೊಡೆದ ಮೇಲೆಯೇ ಹೊರಗೋಡೆಯ ಎಮಲ್ಷನ್.

ಅಕ್ಷರಗಳನ್ನು ಮಾತ್ರ ಬೋರ್ಡ್ ಬರೆಯುವವರಿಂದ ಬರೆಸಿ. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಳೆದುಕೊಂಡು ಮೂಲೆಗೆ ಸರಿದ ಈ ಕಸುಬುದಾರರು ಪ್ರತಿ ಬಡಾವಣೆಯಲ್ಲೂ ಒಬ್ಬಿಬ್ಬರು ಇನ್ನೂ ಇದ್ದಾರೆ. ಬೈಕಿನಲ್ಲಿ ಹೋಗುವವನ ಕಣ್ಣಿಗೆ ಒಂದು ಕ್ಷಣದಲ್ಲಿ ಸಿಗುವ ಕನ್ನಡ ಅಕ್ಷರದ ಅಳತೆ, ಅಂತರ, ದಪ್ಪ ಕಲಾಶಾಲೆಯಲ್ಲಿ ಕಲಿತವರಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಅವರ ಕೂಲಿಯನ್ನು ಅವರು ಹೇಳಿದಷ್ಟೇ ಕೊಡಿ, ಚೌಕಾಸಿ ಬೇಡ, ಮತ್ತು ಗೋಡೆಯ ಮೂಲೆಯಲ್ಲಿ ನಿಮ್ಮ ಸಹಿಯ ಪಕ್ಕದಲ್ಲಿ ಅವರದ್ದನ್ನೂ ಹಾಕಿಸಿ.

ಹಣ ಎಲ್ಲಿಂದ

ಬಣ್ಣ, ಏಣಿ, ಕೂಲಿ, ಊಟ ಇವಕ್ಕೆ ದುಡ್ಡು ಬೇಕು. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಸಂಸ್ಥೆ ಈ ಊರಿನ ನೆರೆಹೊರೆಗಳ ಬಗ್ಗೆ ನಡೆಯುವ ಕಲಾಕಾರ್ಯಗಳಿಗೆ ‘ಪ್ರಾಜೆಕ್ಟ್ 560’ ಎಂಬ ಹೆಸರಿನಲ್ಲಿ ಧನಸಹಾಯ ನೀಡಿದೆ. 560 ಎಂದರೆ ನಮ್ಮ ಪಿನ್‌ಕೋಡಿನ ಮೊದಲ ಮೂರು ಅಂಕಿಗಳು. ಲಲಿತಕಲಾ ಅಕಾಡೆಮಿಯ ಯೋಜನೆಗಳನ್ನೂ ಗಮನಿಸುತ್ತಿರಿ. ಇವೆರಡೂ ಸಿಗದಿದ್ದಾಗ ಬಡಾವಣೆಯವರಿಂದ ಚಂದಾ ಎತ್ತುವುದು ಉತ್ತಮ, ಗಣೇಶನಿಗೆ ಎತ್ತುವಂತೆಯೇ ರಸೀದಿ ಪುಸ್ತಕ ಹಿಡಿದು. ಐವತ್ತು ರೂಪಾಯಿ ಕೊಟ್ಟವರು ಆ ಗೋಡೆಗೆ ಪೋಸ್ಟರ್ ಅಂಟಿಸಲು ಬಂದವನನ್ನು ಗದರಿಸುತ್ತಾರೆ.

ಬಿಲ್ಡರುಗಳ ಹಣದ ಬಗ್ಗೆ ನನ್ನ ಅಭಿಪ್ರಾಯ ಕಠಿಣವಾಗಿದೆ. ಹಲವು ವರ್ಷಗಳ ಹಿಂದೆ ನಾವು ಕೆಲವರು ಸೇರಿ ವಸತಿ ಯೋಜನೆಯೊಂದರ ಹೊರಗೋಡೆಗೆ ಹಕ್ಕಿಗಳ ದೊಡ್ಡ ಚಿತ್ರ ಬರೆದೆವು; ಬಣ್ಣದ ಖರ್ಚೆಲ್ಲ ಅವರದೇ. ಆ ಗೋಡೆ ಮಳೆನೀರಿನ ಹಳ್ಳವೊಂದರ ಅಂಚನ್ನು ಮೀರಿ ಬಂದಿತ್ತು ಎಂಬುದು ಮುಂದಿನ ಮಳೆಗಾಲದಲ್ಲಿ ಕೆಳಗಿನ ಬೀದಿಯ ಮನೆಗಳಿಗೆ ನೀರು ನುಗ್ಗಿದಾಗ ತಿಳಿಯಿತು. ಆ ಬೀದಿಯ ತಾಯಿಯೊಬ್ಬರು, ‘ಗೋಡೆ ಚೆಂದ ಮಾಡಿಕೊಟ್ಟಿರಲ್ಲಪ್ಪ’ ಎಂದರು. ಅಂದಿನಿಂದ ಗೋಡೆಯ ಸರ್ವೆ ನಂಬರು ನೋಡದೆ ಬಣ್ಣದ ಡಬ್ಬಿ ತೆರೆದಿಲ್ಲ. ಚಿತ್ರಗಳಿಂದ ಬೀದಿ ಅಂದವಾಗಿ, ಅದನ್ನೇ ತೋರಿಸಿ ಬಾಡಿಗೆ ಏರಿಸಿ, ಮೊದಲಿದ್ದ ಬಾಡಿಗೆದಾರರೇ ಜಾಗ ಬಿಡಬೇಕಾಗುವುದೂ ಇದರದೇ ಇನ್ನೊಂದು ಮುಖ. ಯಾವ ಕಡೆ ಹಣದ ಮೂಲ ಇದೆಯೋ ಆ ಕಡೆಗೇ ಲಾಭ ಹರಿಯುತ್ತದೆಯೇ ಎಂಬುದನ್ನು ಮೊದಲೇ ಯೋಚಿಸಬೇಕು.

ಬಣ್ಣ ಒಣಗಿದ ಮೇಲೆ

ಅನಾವರಣದ ದಿನ ಸಂಬಂಧಪಟ್ಟ ಸಹಾಯಕ ಎಂಜಿನಿಯರನ್ನು ಕರೆಯಿರಿ, ಶಾಸಕರನ್ನು ಮಾತ್ರ ಕರೆದು ಮುಗಿಸಬೇಡಿ. ಕೆಲಸ ಮಾಡಿಸುವವರು ಎಂಜಿನಿಯರೇ. ಗೋಡೆಯ ಮುಂದೆ ಬಡಾವಣೆಯವರ ಎದುರು ಅವರು ಹೇಳಿದ ದಿನಾಂಕವನ್ನು ಅಲ್ಲಿಯೇ ಒಂದು ಹಲಗೆಯಲ್ಲಿ ಬರೆಯಿರಿ. ಅವಮಾನಿಸುವುದಕ್ಕಲ್ಲ. ಅನುದಾನ ಬಂದಿಲ್ಲ ಎಂದು ಅವರು ಹೇಳಿದರೆ ಅದನ್ನೂ ಬರೆಯಿರಿ, ಏಕೆಂದರೆ ಆಗ ಅಹವಾಲಿನ ವಿಳಾಸ ಬದಲಾಗುತ್ತದೆ. ಪತ್ರಕರ್ತರಿಗೆ ಕೊಡುವ ಟಿಪ್ಪಣಿಯಲ್ಲಿ ನಿಮ್ಮ ಕಲಾಜೀವನದ ವಿವರ ಎರಡು ಸಾಲು ಇದ್ದರೆ ಸಾಕು. ದೂರಿನ ಸಂಖ್ಯೆ, ಇನ್‌ವರ್ಡ್ ನಂಬರು, ಮಾತನಾಡಲು ಒಪ್ಪಿರುವ ನಿವಾಸಿಗಳು ಇವು ಮೊದಲು ಬರಲಿ. ಟೀವಿಯವರು ಕಲಾವಿದನ ಮುಂದೆಯೇ ಮೈಕು ಹಿಡಿಯುತ್ತಾರೆ. ಅದನ್ನು ಪಕ್ಕದವರ ಕಡೆಗೆ ತಿರುಗಿಸುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು.

ಗುಂಡಿ ಮುಚ್ಚಿದರೆ ಶಿಲ್ಪವನ್ನು ಅದೇ ದಿನ ಎತ್ತಿಕೊಂಡು ಬನ್ನಿ ಮತ್ತು ಕೆಲಸ ಆಗಿದೆ ಎಂದು ಅದೇ ಜಾಗದ ಫೋಟೋ ಹಾಕಿ. ದೂರಿದಷ್ಟೇ ಜೋರಾಗಿ ಆದ ಕೆಲಸವನ್ನೂ ಹೇಳಿದರೆ ಮುಂದಿನ ಸಲ ಕಚೇರಿಯ ಬಾಗಿಲು ತೆರೆದಿರುತ್ತದೆ. ಆಗದಿದ್ದರೆ ಗೋಡೆಯ ಮೇಲಿನ ದಿನಾಂಕವನ್ನು ತಿಂಗಳಿಗೊಮ್ಮೆ ತಿದ್ದುವ ಕೆಲಸವನ್ನು ಬಡಾವಣೆಯ ಮಕ್ಕಳಿಗೆ ಒಪ್ಪಿಸಿ. ಏಣಿಯ ಕೆಳಗೆ ದೊಡ್ಡವರೊಬ್ಬರು ನಿಂತಿರಲಿ.

ದೂರುಗಳು, ಉತ್ತರಗಳು, ನಕ್ಷೆಯ ನಕಲು, ಫೋಟೋಗಳು, ಖರ್ಚಿನ ಲೆಕ್ಕ ಇವನ್ನೆಲ್ಲ ಸೇರಿಸಿ ಒಂದು ಕಡತ ಮಾಡಿ. ಅದರ ಒಂದು ಪ್ರತಿ ಬಡಾವಣೆಯಲ್ಲಿಯೇ ಇರಲಿ: ಶಾಖಾ ಗ್ರಂಥಾಲಯ, ಶಾಲೆಯ ಮುಖ್ಯೋಪಾಧ್ಯಾಯರ ಕಪಾಟು, ಎಲ್ಲರೂ ದಿನಕ್ಕೊಮ್ಮೆ ಹಾಯುವ ದಿನಸಿ ಅಂಗಡಿ, ಎಲ್ಲಿಯಾದರೂ ಸರಿ. ಕಲಾವಿದರಲ್ಲಿ ಹೆಚ್ಚಿನವರು ಬಾಡಿಗೆಗೆ ಇರುವವರು, ಹನ್ನೊಂದು ತಿಂಗಳ ಕರಾರು ಮುಗಿದಾಗ ಹೊರಡುವವರು. ಹೊರಡುವ ದಿನ ಮನೆಯ ಬೀಗದ ಕೈಯನ್ನು ಮಾಲೀಕರಿಗೆ ಕೊಡುವಂತೆ ಕಡತವನ್ನು ಯಾರ ಕೈಗೆ ಕೊಡಬೇಕೆಂಬುದನ್ನು, ಮನವಿಗೆ ಮೊದಲು ಸಹಿ ಹಾಕಿದ ಮನೆಯವರ ಜೊತೆ ಕುಳಿತು, ಮೊದಲೇ ಗೊತ್ತುಮಾಡಿಕೊಂಡಿರಿ.